ಸರಾಸರಿಯೂ ಮಕ್ಕಳ ಸೀಟೂ
ತುಮಕೂರಿನ ನಮ್ಮ ಕಾಲೇಜಿನಲ್ಲಿ ಈ ವಾರ ಪ್ರಾಕಲ್ಪನೆಯ ಪರೀಕ್ಷೆಯನ್ನು, ಅಂದರೆ ಕೆಲವು ಮಾದರಿಗಳ ಅಂಕಿಗಳಿಂದ ಒಂದು ಊಹೆಯನ್ನು ಒರೆಗೆ ಹಚ್ಚುವ ವಿಧಾನವನ್ನು, ಕಾರಿನ ಮಕ್ಕಳ ಸೀಟಿನ ಉದಾಹರಣೆಯೊಂದಿಗೆ ಪಾಠ ಮಾಡಿದೆ. ಅಮೆರಿಕದ ನಿಯಮದಂತೆ, ಗಂಟೆಗೆ ಸುಮಾರು 48 ಕಿ.ಮೀ. ವೇಗದ ಡಿಕ್ಕಿಯನ್ನು ಅನುಕರಿಸಿದಾಗ ಸೀಟಿನಲ್ಲಿ ಕೂರಿಸಿದ ಗೊಂಬೆಯ ತಲೆಗೆ ಬೀಳುವ ಪೆಟ್ಟಿನ ಸೂಚ್ಯಂಕ 1000 ಮೀರಬಾರದು. ಶೂನ್ಯ ಪ್ರಾಕಲ್ಪನೆ, ಅಂದರೆ ನಾವು ಅಲ್ಲಗಳೆಯಲು ನೋಡುವ ಊಹೆ, ಈ ಸೂಚ್ಯಂಕದ ಸರಾಸರಿಯನ್ನು 1000 ಎನ್ನುತ್ತದೆ, ಅದಕ್ಕೆ ಎದುರಾದ ಪರ್ಯಾಯ ಪ್ರಾಕಲ್ಪನೆ ಅದಕ್ಕಿಂತ ಕಡಿಮೆ ಎನ್ನುತ್ತದೆ. ಡಿಕ್ಕಿ ಹೊಡೆಸಿದ ಸೀಟುಗಳು ಬೆರಳೆಣಿಕೆಯಷ್ಟೇ, ಅಂಕಿಗಳ ಏರಿಳಿತವನ್ನೂ ಅವುಗಳಿಂದಲೇ ಅಂದಾಜಿಸಬೇಕು, ಆದ್ದರಿಂದ ಇಂಥ ಸಣ್ಣ ಮಾದರಿಗೆ ಒಗ್ಗುವ ಟಿ-ಪರೀಕ್ಷೆಯನ್ನೇ ಬಳಸಬೇಕು. ಪಿ-ಮೌಲ್ಯ, ಅಂದರೆ ಶೂನ್ಯ ಪ್ರಾಕಲ್ಪನೆ ನಿಜವಾಗಿದ್ದರೂ ಅದಕ್ಕೆ ಇಷ್ಟು ಅಥವಾ ಇನ್ನೂ ಹೆಚ್ಚು ವಿರುದ್ಧವಾದ ಫಲಿತಾಂಶ ಬರುವ ಸಂಭವನೀಯತೆ, 0.02 ಬಂದರೆ ಶೇ. 5ರ ಮಟ್ಟದಲ್ಲಿ ಶೂನ್ಯ ಪ್ರಾಕಲ್ಪನೆ ಬಿದ್ದುಹೋಗುತ್ತದೆ, ಶೇ. 1ರಲ್ಲಿ ಬೀಳುವುದಿಲ್ಲ, ಯಾವ ಮಟ್ಟ ಎಂಬ ಆಯ್ಕೆಯನ್ನು ಲೆಕ್ಕಕ್ಕೆ ಮೊದಲೇ ಮಾಡಿಕೊಳ್ಳಬೇಕು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್, ಸರಾಸರಿ ಕಡಿಮೆಯಿದ್ದೂ ಒಂದು ಸೀಟು ಮಾತ್ರ 1200 ತೋರಿಸಿದರೆ?” ಎಂದು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ, ಏಕೆಂದರೆ ಪರೀಕ್ಷೆ ಉತ್ತರಿಸುವುದು ಸರಾಸರಿಯ ಬಗ್ಗೆ ಮಾತ್ರ. ಅಂಗಡಿಯಿಂದ ತಂದು ಮಗುವನ್ನು ಕೂರಿಸುವುದು ಒಂದೇ ಒಂದು ಸೀಟಿನಲ್ಲಿ.