ಎರೆ ಮಣ್ಣು ಹದಕ್ಕೆ ಬರುವ ತನಕ

ಕೀನ್ಯಾಕ್ಕೆ ಹೋಗುವ ಮಾತು ಶುರುವಾದದ್ದು ಆನೆಯಿಂದ. ನವಲಗುಂದದ ಕಡೆ ನಾವು ಕಂಡ ಆನೆ ಅಂದರೆ ಜಾತ್ರೆಗೆ ಬರುವ ಒಂಟಿ ಆನೆ. ಕಾಲಲ್ಲಿ ಸರಪಳಿ ಇರುತ್ತಿತ್ತು. "ಮರಿ, ತಾಯಿ, ಅಜ್ಜಿ ಎಲ್ಲಾ ಕೂಡಿ ನಡಿಯೂದನ್ನ ಒಮ್ಮೆ ನೋಡಬೇಕು ನೋಡು ತಂಗಿ" ಅಂತ ಅವ್ವ ಹೇಳುತ್ತಲೇ ಇದ್ದಳು. ಅಪ್ಪ ಹೋದ ಮೇಲೆ ಅವಳು ತನಗಾಗಿ ಕೇಳಿದ್ದು ಇದೊಂದನ್ನೇ. ದುಡ್ಡು ಕೂಡಿಟ್ಟೆ.

ಯಾವಾಗ ಹೋಗಬೇಕು ಅನ್ನುವುದೇ ದೊಡ್ಡ ಪ್ರಶ್ನೆಯಾಯಿತು. ಜುಲೈನಿಂದ ಅಕ್ಟೋಬರ್ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಆಗ ಪಕ್ಕದ ಟಾಂಜಾನಿಯಾದ ಸೆರೆಂಗೆಟಿ ಬಯಲಿನಿಂದ ವಿಲ್ಡಬೀಸ್ಟ್ ಎಂಬ ಹುಲ್ಲು ಮೇಯುವ ಪ್ರಾಣಿಗಳ ಹಿಂಡುಗಳು ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯಕ್ಕೆ ದಾಟಿ ಬರುತ್ತವೆ. ಆದರೆ 2024ರಿಂದ ಮಾರಾದ ಪ್ರವೇಶ ಶುಲ್ಕ ಹೊರದೇಶದವರಿಗೆ ಜೂನ್ ಕೊನೆಯವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ 200. ಇಬ್ಬರಿಗೆ ಮೂರು ದಿನ ಅಂದರೆ 600 ಡಾಲರ್ ಉಳಿತಾಯ. ಅದಕ್ಕೇ ಮೇ ಮೊದಲ ವಾರ ಅಂತ ಗುರುತು ಹಾಕಿಕೊಂಡೆ. ಕ್ಯಾಂಪ್‌ಗಳ ಬಾಡಿಗೆಯೂ ಆಗ ಕಡಿಮೆ.

ಫೋನಿನಲ್ಲಿ ಹೇಳಿದಾಗ ಅವ್ವ ಮೊದಲು ಕೇಳಿದ್ದು, "ಅಲ್ಲಿ ಮಳಿ ಯಾವಾಗ?"

ಮಾರ್ಚ್‌ನಿಂದ ಮೇ ತನಕ ದೊಡ್ಡ ಮಳೆ ಅಂದೆ.

"ಮಣ್ಣು ಎಂಥಾದ್ದು?"

ಅದನ್ನು ನಾನು ನೋಡಿಯೇ ಇರಲಿಲ್ಲ. ಹುಡುಕಿದೆ. ಮಾರಾದ ಬಯಲಿನಲ್ಲಿ ಬಹಳ ಕಡೆ ಕಪ್ಪು ಎರೆ ಮಣ್ಣು. ಹತ್ತಿ ಬೆಳೆಯದ ಆ ನೆಲಕ್ಕೂ ಅಲ್ಲಿಯವರು 'ಬ್ಲ್ಯಾಕ್ ಕಾಟನ್' ಅಂತಲೇ ಅನ್ನುತ್ತಾರೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ನಮ್ಮ ಹೊಲದ ಮಣ್ಣೇ ಅಲ್ವಾ ಇದು!

ಅವ್ವ ಖಡಕ್ಕಾಗಿ ಹೇಳಿದಳು: "ಎರಿ ಹೊಲದಾಗ ಮಳಿ ನಿಂತ ಮರುದಿನ ಯಾರರ ಗಾಡಿ ಹೂಡ್ತಾರೇನು? ಹದ ಬರಲಿ. ಆದರ ಮಿರ್ಗ ಮಳಿ ಕೂಡೂದ್ರಾಗ ನಾ ಊರಾಗ ಇರಬೇಕು. ಹೆಸರು ಬಿತ್ತೂದೈತಿ."

ಮೃಗಶಿರಾ ಮಳೆ ಕೂಡುವುದು ಜೂನ್ 7, 8ರ ಸುಮಾರಿಗೆ. ಅಲ್ಲಿ ಮಳೆ ಮುಗಿಯಬೇಕು, ಇಲ್ಲಿ ಶುರುವಾಗಿರಬಾರದು. ಉಳಿದದ್ದು ಒಂದೇ ಕಿಂಡಿ, ಮೇ ಕೊನೆಯ ವಾರದಿಂದ ಜೂನ್ 5ರವರೆಗೆ. ಅದನ್ನೇ ಹಿಡಿದೆವು.

ಆಮೇಲಿನ ಲೆಕ್ಕವೆಲ್ಲ ಕೆಸರಿನದೇ. ಒಬ್ಬ ಏಜೆಂಟ್ ಛಾವಣಿ ಎತ್ತುವ ವ್ಯಾನ್ ಕೊಡುತ್ತೇನೆ, ತಾಲೆಕ್ ನದಿಯ ದಂಡೆಯ ಮೇಲೇ ಕ್ಯಾಂಪ್, ಮಳೆ ಮುಗಿದಿರುತ್ತದೆ, ಚಿಂತೆ ಬೇಡ ಅಂದರು. ಫೋಟೋ ಚೆನ್ನಾಗಿತ್ತು. ಆದರೆ 2024ರ ಮೇ ಮೊದಲ ದಿನಗಳಲ್ಲಿ ಅದೇ ತಾಲೆಕ್ ಉಕ್ಕಿ ಹಲವು ಕ್ಯಾಂಪ್‌ಗಳು ಮುಳುಗಿದ್ದವು, ಪ್ರವಾಸಿಗರನ್ನು ಹೆಲಿಕಾಪ್ಟರ್‌ನಲ್ಲಿ ಸಾಗಿಸಿದ್ದರು. ನಮಗೆ ಬೆಣ್ಣೆಹಳ್ಳ ಗೊತ್ತು. ಊರಲ್ಲಿ ಬಿಸಿಲಿದ್ದರೂ ಮೇಲೆಲ್ಲೋ ಸುರಿದ ಮಳೆಗೆ ರಾತ್ರೋರಾತ್ರಿ ತುಂಬಿ ಹೊಲ ನುಂಗುವ ಹಳ್ಳ ಅದು. ನದಿಯ ದಂಡೆ ಬೇಡ ಅಂದೆ. ದಿಬ್ಬದ ಮೇಲಿನ ಕ್ಯಾಂಪ್ ಆರಿಸಿದೆ. ವ್ಯಾನ್ ಬಿಟ್ಟು ನಾಲ್ಕೂ ಚಕ್ರ ಎಳೆಯುವ ಲ್ಯಾಂಡ್ ಕ್ರೂಸರ್ ಕೇಳಿದೆ. ಅದಕ್ಕೆ ಜಾಸ್ತಿ ಆಯಿತು, ಶುಲ್ಕದಲ್ಲಿ ಉಳಿದದ್ದರಲ್ಲಿ ಅರ್ಧ ಅಲ್ಲೇ ಹೋಯಿತು. ಮಳೆಗಾಲದ ಕೊನೆಗೆ ಹೋಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಉಳಿತಾಯ ಮಾಡಿ, ಆದರೆ ಗಾಡಿಯಲ್ಲಿ ಮಾಡಬೇಡಿ. ಕ್ಯಾಂಪಿನಿಂದ ಗೇಟಿನವರೆಗೆ ಗರಸಿನ ರಸ್ತೆ ಇದೆಯಾ ಅಂತ ಕೇಳಿಕೊಳ್ಳಿ. ಗರಸಿಗೆ ಅವರು 'ಮುರಮ್' ಅನ್ನುತ್ತಾರೆ. ನಮ್ಮ ಕಡೆಯ ಮೊರಂ.

ಊರುಗಳ ಕ್ರಮವನ್ನು ತಿರುಗಿಸಿದ್ದು ಅವ್ವ. ನಾನು ಮಾರಾ ಮೊದಲು, ಆನೆಗಳಿಗೆ ಹೆಸರಾದ ಅಂಬೊಸೆಲಿ ಪಾರ್ಕ್ ಆಮೇಲೆ ಅಂತ ಬರೆದಿದ್ದೆ. "ಒಣಗದ್ದನ್ನ ಕಡೀಕ ಇಡು" ಅಂದಳು. ಅಂಬೊಸೆಲಿಯಲ್ಲಿ ಮಳೆ ಕಡಿಮೆ. ಮಾರಾಕ್ಕೆ ಮೂರು ದಿನ ಬಿಸಿಲು ಹೆಚ್ಚಿಗೆ ಸಿಕ್ಕಂತಾಯಿತು.

ನನಗೆ ನಿಜವಾಗಿ ಭಯ ಇದ್ದದ್ದು ಹಳದಿ ಜ್ವರದ ಲಸಿಕೆಯ ಬಗ್ಗೆ. ಕೀನ್ಯಾದಿಂದ ಮರಳುವಾಗ ಅದರ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಬೇರೆ ಇಡಬಹುದು. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಹಾಕಿಸಿಕೊಂಡ ಹತ್ತು ದಿನಕ್ಕೆ ಪ್ರಮಾಣಪತ್ರ ಚಾಲ್ತಿಗೆ ಬರುತ್ತದೆ, ಆಮೇಲೆ ಜೀವಮಾನವಿಡೀ ನಡೆಯುತ್ತದೆ. 60 ದಾಟಿದವರಲ್ಲಿ ಅಡ್ಡಪರಿಣಾಮದ ಸಾಧ್ಯತೆ ಸ್ವಲ್ಪ ಜಾಸ್ತಿ. ಅವ್ವನಿಗೆ 63. ನಮ್ಮ ಡಾಕ್ಟರ್ ಅವಳ ಔಷಧಿಗಳನ್ನೆಲ್ಲ ನೋಡಿ, ಸಮಯ ತಗೊಂಡು ಮಾತಾಡಿ, ಹಾಕಿಸಬಹುದು ಅಂದರು. ಹಾಕಿಸಿದ ರಾತ್ರಿ ನಾನು ಎರಡು ಸಲ ಎದ್ದು ಅವಳ ಹಣೆ ಮುಟ್ಟಿ ನೋಡಿದೆ. ಮಲೇರಿಯಾ ಮಾತ್ರೆಯನ್ನೂ ಅವರೇ ಬರೆದುಕೊಟ್ಟರು. ಮಳೆ ಮುಗಿಯುವಾಗ ಸೊಳ್ಳೆ ಹೆಚ್ಚು.

ಹೊರಡುವ ಮುನ್ನಾದಿನ ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಿದ್ದಳು. ತಡೆದೆ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಚೀಲ ನಿಷೇಧ. ರೊಟ್ಟಿ ಹಳೆಯ ಧೋತರದಲ್ಲಿ, ಚಟ್ನಿ ಸ್ಟೀಲ್ ಡಬ್ಬಿಯಲ್ಲಿ ಹೋದವು.

ಅಂಬೊಸೆಲಿಯಲ್ಲಿ ಎರಡನೇ ಬೆಳಿಗ್ಗೆ ಆನೆ ಸಿಕ್ಕವು. ಮಳೆಗಾಲದಲ್ಲಿ ಎಲ್ಲ ಕಡೆ ನೀರು, ಹುಲ್ಲು ಇರುವುದರಿಂದ ಅವು ಪಾರ್ಕಿನ ಹೊರಗೆ ಚದುರಿರುತ್ತವೆ. ನೆಲ ಒಣಗಿದಂತೆ ಜೌಗಿಗೆ ಮರಳುತ್ತವೆ. ಆ ಜೌಗಿಗೆ ನೀರು ಬರುವುದು ಕಿಲಿಮಂಜಾರೊದಿಂದ, ನೆಲದೊಳಗಿಂದ. ಅವು ಬಂದಿರುತ್ತವೋ ಇಲ್ಲವೋ ಎಂಬ ಚಿಂತೆ ನನ್ನನ್ನು ಐದು ತಿಂಗಳು ಕಾಡಿತ್ತು. ಮಳೆ ತೊಳೆದ ಗಾಳಿಯಲ್ಲಿ ಬೆಟ್ಟದ ಹಿಮ ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಕೆಳಗೆ ಸಾಲಾಗಿ ನಡೆದು ಬಂದವು. ಅವ್ವ ಬೆರಳು ಮಡಿಸುತ್ತ ಎಣಿಸಿದಳು. ಇಪ್ಪತ್ತಾರು. ನಡುವೆ ಮೂರು ಮರಿ. ಎಣಿಸಿ ಮುಗಿದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಫೋಟೋ ತೆಗೆಯುವುದು ಬಿಟ್ಟು ಅವಳ ಪಕ್ಕ ಕೂತೆ.

ಮಾರಾ ತಲುಪಿದ ರಾತ್ರಿ ಮಳೆ ಬಂತು. ಒಂದು ತಾಸು, ಜೋರಾಗಿ. ಬೆಳಿಗ್ಗೆ ಅವ್ವ ಕ್ಯಾಂಪಿನ ಅಂಗಳದಲ್ಲಿ ಒಂದು ಹಿಡಿ ಮಣ್ಣು ಎತ್ತಿ ಅಂಗೈಯಲ್ಲಿ ಒತ್ತಿದಳು. ಉಂಡೆಯಾಗಿ ಬೆರಳಿಗೆ ಅಂಟಿತು. "ಮಧ್ಯಾಹ್ನದ ತನಕಾ ಬ್ಯಾಡ" ಅಂದಳು. ನಾನು ಡ್ರೈವರ್‌ಗೆ ಹೇಳಿದೆ. ಅವರೂ ಮಣ್ಣು ನೋಡಿ ತಲೆಯಾಡಿಸಿದರು. "ಮತೋಪೆ" ಅಂದರು. ಸ್ವಾಹಿಲಿಯಲ್ಲಿ ಕೆಸರು. ಬೆಳಿಗ್ಗೆಯೆಲ್ಲ ಮುರಮ್ ರಸ್ತೆಯಲ್ಲೇ ತಿರುಗಿದೆವು. ದಾರಿಯಲ್ಲಿ ಎರೆಗೆ ಇಳಿದ ಒಂದು ವ್ಯಾನ್ ಅಚ್ಚಿನ ತನಕ ಹೂತಿತ್ತು. ನಮ್ಮ ಡ್ರೈವರ್ ಹಗ್ಗ ಹಾಕಿ ಎಳೆದುಕೊಟ್ಟರು.

ಬಿಸಿಲು ನೆತ್ತಿ ದಾಟಿದ ಮೇಲೆ ಒಳಗಿನ ದಾರಿಗೆ ಇಳಿದೆವು. ಹುಲ್ಲು ಸೊಂಟದೆತ್ತರ. ಅದನ್ನು ಮೇಯುವ ದೊಡ್ಡ ಹಿಂಡುಗಳು ಇನ್ನೂ ಬಂದಿರಲಿಲ್ಲ. ಸಿಂಹ ಹತ್ತು ಮಾರು ದೂರದಲ್ಲಿದ್ದರೂ ಕಾಣದು. ಡ್ರೈವರ್ ಸಿಂಹವನ್ನು ಹುಡುಕಲೇ ಇಲ್ಲ, ಟೊಪಿಗಳನ್ನು ನೋಡುತ್ತಿದ್ದರು. ಕಂದು ಬಣ್ಣದ, ಜಿಂಕೆಯಂಥ ಪ್ರಾಣಿ ಅದು. ಗೆದ್ದಲಿನ ಹುತ್ತ ಹತ್ತಿ ಕಾವಲು ನಿಲ್ಲುತ್ತದೆ. ಒಂದು ಟೊಪಿ ಕದಲದೆ ಒಂದೇ ಕಡೆ ದಿಟ್ಟಿಸುತ್ತಿತ್ತು. ಅತ್ತ ಗಾಡಿ ತಿರುಗಿಸಿದರು. ಹುಲ್ಲಿನಲ್ಲಿ ಮೊದಲು ಎರಡು ಕಿವಿ ಕಂಡವು, ಆಮೇಲೆ ಇನ್ನೆರಡು.

ಸಂಜೆ ದಿಬ್ಬದ ಮೇಲೆ ಸಿಗ್ನಲ್ ಸಿಕ್ಕಿತು. ಅವ್ವ ಊರಿಗೆ, ಕಾಕಾನಿಗೆ ಫೋನ್ ಹಚ್ಚಿದಳು. ಆನೆಯ ಮಾತು ಆಮೇಲೆ. "ಮಳಿ ಬಂತೇನಪಾ?" ಅಂತ ಮೊದಲು ಕೇಳಿದಳು.

"ರಾತ್ರಿ ಬಂತ್ರೀ ವೈನಿ, ಚಲೋ ಬಂತು. ನೀವು ಬರೂದ್ರಾಗ ಹದ ಆಕ್ಕೈತಿ."