"ಹೋಗಿ ಹೋಗಿ ಜಪಾನಿನವನೇ ಯಾಕೆ?" ಅಂತ ಕೇಳುವವರಿಗೆ

ಪ್ರಶ್ನೆ ಇಷ್ಟೇ. "ನೀವು ವೆಸ್ಟರ್ನ್ ಕ್ಲಾಸಿಕಲ್ ಕೇಳ್ತೀರಂತೆ, ಸರಿ. ಹೋಗಿ ಹೋಗಿ ಆ ಜಪಾನಿನವನೇ ಯಾಕೆ? ಜರ್ಮನಿಯವರು, ಇಟಲಿಯವರು ಯಾರೂ ಸಿಗಲಿಲ್ವಾ?"

ಜಪಾನಿನವನು ಅಂದರೆ ಸೇಜಿ ಒಜಾವಾ. ಆರ್ಕೆಸ್ಟ್ರಾ ಕಂಡಕ್ಟರ್, ಅಂದರೆ ಹತ್ತಾರು ವಾದ್ಯಗಾರರ ಎದುರು ನಿಂತು ಕೈಸನ್ನೆಯಲ್ಲಿ ಅವರನ್ನು ನಡೆಸುವವರು. 1973ರಿಂದ 2002ರ ತನಕ, ಅಂದರೆ 29 ವರ್ಷ, ಅಮೆರಿಕದ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾವನ್ನು ನಡೆಸಿದವರು. 2024ರ ಫೆಬ್ರವರಿಯಲ್ಲಿ ತೀರಿಕೊಂಡರು, 88 ವರ್ಷವಾಗಿತ್ತು. ಬಸ್ ಕಂಡಕ್ಟರ್ ಜೋಕ್ ದಯವಿಟ್ಟು ಬೇಡ. ಎಲ್ಲರೂ ಮಾಡಿ ಆಗಿದೆ.

ಮೊದಮೊದಲು ನಗುತ್ತಾ ಉತ್ತರ ಕೊಡುತ್ತಿದ್ದೆ. ಒಂದು ಗೃಹಪ್ರವೇಶದ ಊಟದ ಮೇಲೆ ಆ ನಗು ಹೋಯಿತು. ಪಕ್ಕದ ಎಲೆಯಲ್ಲಿ ಕೂತಿದ್ದವರು ಸಾರು ಕಲಸಿಕೊಳ್ಳುತ್ತಾ ಅಂದರು: "ಏನೇ ಹೇಳಿ ಸಾರ್, ಅದು ಅವರ ರಕ್ತದಲ್ಲಿ ಬಂದಿರಲ್ಲ. ನೋಟ್ಸ್ ನೋಡಿಕೊಂಡು ಮಾಡಬಹುದು, ಭಾವ ಬರಲ್ಲ." ಸ್ವಲ್ಪ ಮುಂಚೆ ಇದೇ ಮನುಷ್ಯ, ಮಗ ಪಿಟೀಲಿನಲ್ಲಿ ಮೋಹನ ವರ್ಣ ನುಡಿಸಿದ ವಿಡಿಯೋವನ್ನು ಪೂರ್ತಿ ತೋರಿಸಿದ್ದರು. ಪಿಟೀಲು ಯಾವ ಊರಿಂದ ಬಂತು ಸ್ವಾಮಿ? ಯುರೋಪಿನ ವಾದ್ಯ ತಂದು, ನೆಲದ ಮೇಲೆ ಕೂತು ನುಡಿಸುವ ಹಾಗೆ ಮಾಡಿಕೊಂಡು, ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿ, ಆಮೇಲೆ ಬೆಂಗಳೂರಿನಲ್ಲಿ ಅವರ ಹೆಸರಲ್ಲಿ ಪಿಟೀಲಿನ ಆಕಾರದ್ದೇ ಒಂದು ಹಾಲ್ ಕಟ್ಟಿಕೊಂಡ ಜನ ನಾವು. ನಮಗಾದರೆ ಆಗಬಹುದು, ಜಪಾನಿನವರಿಗೆ ಆಗಬಾರದು! ಹೇಳಿಯೂ ಹೇಳಿದೆ. "ಅದು ಬೇರೆ" ಅಂದರು. ಹೇಗೆ ಬೇರೆ ಅಂತ ಕೇಳುವಷ್ಟರಲ್ಲಿ ಪಾಯಸ ಬಂತು.

ರಕ್ತದಲ್ಲಿ ಬರಲಿಲ್ಲ, ನಿಜ. ಕಲಿತರು. ಒಜಾವಾ ಹುಟ್ಟಿದ್ದು 1935ರಲ್ಲಿ, ಮಂಚೂರಿಯಾ ಜಪಾನಿನ ಹಿಡಿತದಲ್ಲಿದ್ದಾಗ, ಇವತ್ತು ಚೀನಾದ ಶೆನ್ಯಾಂಗ್ ಅನ್ನುವ ಊರಿನಲ್ಲಿ. ಅಪ್ಪ ದಂತವೈದ್ಯ. ಮಗನ ಹೆಸರನ್ನು ಇಬ್ಬರು ಜಪಾನಿ ಸೇನಾಧಿಕಾರಿಗಳ ಹೆಸರಿನಿಂದ ಒಂದೊಂದು ಅಕ್ಷರ ತೆಗೆದು ಇಟ್ಟರು. ಹುಡುಗ ಪಿಯಾನೋ ಕಲಿತ, ರಗ್ಬಿ ಆಡಿ ಬೆರಳು ಮುರಿದುಕೊಂಡ, ಕಂಡಕ್ಟಿಂಗ್ ಕಡೆ ತಿರುಗಿದ. ಗುರು ಹಿಡೆಯೊ ಸೈತೊ. ಜರ್ಮನಿಯಲ್ಲಿ ಚೆಲ್ಲೊ (ಪಿಟೀಲಿನ ದೊಡ್ಡಣ್ಣ ಅನ್ನಿ) ಕಲಿತು ಬಂದವರು, ಶಿಷ್ಯರು ಗಡಗಡ ನಡುಗುತ್ತಿದ್ದಂಥ ಮೇಷ್ಟ್ರು. ಕಂಡಕ್ಟರ್ ಕೈಯ ಒಂದೊಂದು ಚಲನೆಯನ್ನೂ ಬಿಡಿಸಿ, ಹೆಸರಿಟ್ಟು, ನಮ್ಮಲ್ಲಿ ಸರಳೆ ವರಸೆ ತಿಕ್ಕಿಸುವ ಹಾಗೆ ವರ್ಷಗಟ್ಟಲೆ ತಿಕ್ಕಿಸಿದರು. ನೀವು "ಸುಮ್ನೆ ಕೈ ಬೀಸ್ತಾನೆ" ಅನ್ನುವುದು ಇದಕ್ಕೆ.

ಮುಂದಿನದು ಬೇಗ ಹೇಳಿಬಿಡುತ್ತೇನೆ. 1959ರಲ್ಲಿ ಒಂದು ಸ್ಕೂಟರ್ ಜೊತೆ ಸರಕು ಹಡಗು ಹತ್ತಿ ಫ್ರಾನ್ಸಿಗೆ ಹೋದರು. ಅದೇ ವರ್ಷ ಅಲ್ಲಿನ ಬೆಸಾನ್ಸೋನ್ ಊರಿನ ಕಂಡಕ್ಟರ್‌ಗಳ ಸ್ಪರ್ಧೆ ಗೆದ್ದರು. ಬರ್ಲಿನ್ನಿನಲ್ಲಿ ಕಾರಾಯಾನ್ ಹತ್ತಿರ ಕಲಿತರು, ನ್ಯೂಯಾರ್ಕಿನಲ್ಲಿ ಬರ್ನ್‌ಸ್ಟೈನ್‌ಗೆ ಸಹಾಯಕರಾದರು, ಇಬ್ಬರೂ ಆ ಕಾಲದ ದೊಡ್ಡ ಕಂಡಕ್ಟರ್‌ಗಳು. 60ರ ದಶಕದ ಮಧ್ಯದಲ್ಲಿ ಕೆನಡಾದ ಟೊರಾಂಟೊ ಆರ್ಕೆಸ್ಟ್ರಾ ಇವರ ಕೈಯಲ್ಲಿ, ಮಾಂಟ್ರಿಯಲ್‌ನದು ಮುಂಬೈಯ ಜುಬಿನ್ ಮೆಹ್ತಾ ಕೈಯಲ್ಲಿ. ತಮಾಷೆ ನೋಡಿ, ಮೆಹ್ತಾ ಹೆಸರು ಬಂದಾಗ ಯಾರೂ ರಕ್ತದ ಮಾತು ಎತ್ತಲ್ಲ. "ನಮ್ಮವರು" ಅಂತ ಎದೆ ಉಬ್ಬಿಸುತ್ತಾರೆ.

ಇಷ್ಟು ಜನ ಇಷ್ಟು ಸಲ ಕೇಳಿದ್ದಾರೆ, ಆದರೆ ಒಬ್ಬರಾದರೂ ಸರಿಯಾದ ಪ್ರಶ್ನೆ ಕೇಳಿಲ್ಲ. ಪರದೇಶದವರು ಅವರನ್ನು ಹೇಗೆ ಒಪ್ಪಿದರು ಅನ್ನುವುದಲ್ಲ ಸ್ವಾಮಿ, ಸ್ವಂತ ಊರಿನವರು ಯಾಕೆ ಒಪ್ಪಲಿಲ್ಲ?

1962ರಲ್ಲಿ ಟೋಕಿಯೊದ ಎನ್‌ಎಚ್‌ಕೆ ಸಿಂಫನಿ, ಜಪಾನಿನ ರೇಡಿಯೊ-ಟಿವಿ ಸಂಸ್ಥೆಯ ಪ್ರತಿಷ್ಠಿತ ಆರ್ಕೆಸ್ಟ್ರಾ, ಒಜಾವಾರನ್ನು ಕರೆಸಿತು. ವಯಸ್ಸು 27. ಅಮೆರಿಕದಿಂದ ಹೆಸರು ಮಾಡಿಕೊಂಡು ಬಂದ ಹುಡುಗ, ಎದುರಿಗೆ ವಯಸ್ಸಿನಲ್ಲಿ ದೊಡ್ಡವರು, ಜರ್ಮನ್ ಕಂಡಕ್ಟರ್‌ಗಳ ಕೈಕೆಳಗೆ ಪಳಗಿದವರು. ದುರಹಂಕಾರಿ ಅಂದರು, ತಪ್ಪು ಮಾಡ್ತಾನೆ ಅಂದರು. ವರ್ಷದ ಕೊನೆಗೆ, ಈತನ ಕೈಕೆಳಗೆ ನುಡಿಸುವುದೇ ಇಲ್ಲ ಅಂತ ವಾದಕರು ಕೂತುಬಿಟ್ಟರು. ಜಪಾನಿನಲ್ಲಿ ಡಿಸೆಂಬರ್ ಬಂತೆಂದರೆ ಎಲ್ಲೆಲ್ಲೂ ಬೀಥೋವನ್‌ನ ಒಂಬತ್ತನೇ ಸಿಂಫನಿ, ಅದು ಅವರ ರೂಢಿ. ಆ ಕಛೇರಿಯೇ ರದ್ದಾಯಿತು. ಒಜಾವಾ ಒಬ್ಬರೇ ಹಾಲ್‌ಗೆ ಹೋಗಿ ಖಾಲಿ ಕುರ್ಚಿಗಳ ಎದುರು ಕಾದು ಕೂತರು, ಪತ್ರಿಕೆಗಳಿಗೆ ಸುದ್ದಿಯಾಯಿತು. ಅದರಲ್ಲಿ ಸ್ವಲ್ಪ ನಾಟಕ ಇತ್ತು ಅಂತ ಅವರ ಅಭಿಮಾನಿಯಾದ ನನಗೂ ಅನಿಸುತ್ತದೆ. ಆದರೆ 27ರ ಹುಡುಗನನ್ನು ಇಡೀ ಆರ್ಕೆಸ್ಟ್ರಾ ಹೊರಗೆ ಹಾಕಿದರೆ ಅವನಾದರೂ ಇನ್ನೇನು ಮಾಡಬೇಕು? ಸಾಹಿತಿ ಮಿಶಿಮಾ, ಸಂಗೀತ ರಚನೆಕಾರ ತಾಕೆಮಿತ್ಸು ಥರದವರು ಅವರ ಪರ ನಿಂತರು. 1963ರ ಜನವರಿಯಲ್ಲಿ ಬೇರೆ ಆರ್ಕೆಸ್ಟ್ರಾ ಜೊತೆ ಕಛೇರಿ ಮಾಡಿಸಿದರು. ಆಮೇಲೆ ಒಜಾವಾ ಅಮೆರಿಕಕ್ಕೆ ವಾಪಸ್ಸು.

ಬಾಸ್ಟನ್ ಮಂದಿ ಅವರನ್ನು 29 ವರ್ಷ ಇಟ್ಟುಕೊಂಡರು, ಎನ್‌ಎಚ್‌ಕೆ ಸಿಂಫನಿ ಮುಂದೆ ಅವರು ಮತ್ತೆ ನಿಲ್ಲುವುದಕ್ಕೆ 32 ವರ್ಷ ಹಿಡಿಯಿತು. 1995ರ ಜನವರಿ, ಕೋಬೆ ಭೂಕಂಪ ಆದ ತಿಂಗಳು, ಜೊತೆಗೆ ಚೆಲ್ಲೊ ಹಿಡಿದು ರಷ್ಯಾದ ಹೆಸರಾಂತ ವಾದಕ ರೊಸ್ತ್ರೊಪೋವಿಚ್. ಅಷ್ಟರಲ್ಲಿ ಒಜಾವಾ ಊರಲ್ಲಿ ತಮ್ಮದೇ ವ್ಯವಸ್ಥೆ ಮಾಡಿಕೊಂಡಿದ್ದರು ಅನ್ನಿ. ಗುರು ಸೈತೊ ತೀರಿಕೊಂಡ ಹತ್ತು ವರ್ಷಕ್ಕೆ, 1984ರಲ್ಲಿ, ಲೋಕವೆಲ್ಲ ಹರಡಿಕೊಂಡಿದ್ದ ಅವರ ಶಿಷ್ಯರನ್ನು ಒಟ್ಟು ಮಾಡಿದರು. ಅದೇ ಸೈತೊ ಕಿನೆನ್, ಅಂದರೆ ಸೈತೊ ಸ್ಮರಣೆಯ, ಆರ್ಕೆಸ್ಟ್ರಾ. 1992ರಿಂದ ಮತ್ಸುಮೊತೊ ಊರಿನಲ್ಲಿ ಅದರದ್ದೇ ಉತ್ಸವ. ರಕ್ತದ ವಾದ ಮಾಡುವವರು ಆ ತಂತಿವಾದ್ಯಗಳ ಒಗ್ಗಟ್ಟು ಒಮ್ಮೆ ಕೇಳಬೇಕು. ಎಲ್ಲರೂ ಒಂದೇ ಮೇಷ್ಟ್ರ ಬೈಗುಳ ತಿಂದವರು ಅಂತ ಗೊತ್ತಾಗುತ್ತದೆ.

ಹಾಗಂತ ಅವರು ದೇವರಲ್ಲ. ಬಾಸ್ಟನ್ನಿನಲ್ಲಿ ಅಷ್ಟು ವರ್ಷ ಇದ್ದದ್ದು ಜಾಸ್ತಿ ಆಯಿತು ಅನ್ನುವವರಿದ್ದಾರೆ, ನಾನೂ ಅರ್ಧ ಒಪ್ಪುತ್ತೇನೆ. 1997ರಲ್ಲಿ ಬಾಸ್ಟನ್ ಆರ್ಕೆಸ್ಟ್ರಾದ್ದೇ ಆದ ಟ್ಯಾಂಗಲ್‌ವುಡ್ ಸಂಗೀತ ಶಾಲೆಯಲ್ಲಿ ಅವರು ತಂದ ಬದಲಾವಣೆ ಹಿಡಿಸದೆ ಪಿಯಾನೋ ವಾದಕ ಲಿಯಾನ್ ಫ್ಲೈಶರ್ ಬಿಟ್ಟೇ ಹೋದರು. ಜಗಳ ಆಡುವುದಾದರೆ ಬನ್ನಿ, ಇದರ ಬಗ್ಗೆ ಆಡೋಣ. ಪಾಸ್‌ಪೋರ್ಟ್ ಬಗ್ಗೆ ಬೇಡ.

ಎಲ್ಲಿಂದ ಶುರು ಮಾಡಲಿ ಅನ್ನುವವರಿಗೆ: ತಾಕೆಮಿತ್ಸು ಬರೆದ "ನವೆಂಬರ್ ಸ್ಟೆಪ್ಸ್". 1967ರಲ್ಲಿ ನ್ಯೂಯಾರ್ಕಿನಲ್ಲಿ ಅದನ್ನು ಮೊದಲು ನುಡಿಸಿದಾಗ ನಡೆಸಿದವರು ಒಜಾವಾ. ಬಿವಾ ಅನ್ನುವ ತಂತಿವಾದ್ಯ, ಶಕುಹಾಚಿ ಅನ್ನುವ ಬಿದಿರಿನ ಕೊಳಲು, ಎದುರಿಗೆ ಪೂರ್ತಿ ಆರ್ಕೆಸ್ಟ್ರಾ. ಕೊನೆಗೆ ಹತ್ತಿರ ಬರುವಾಗ ಆ ಎರಡೇ ವಾದ್ಯ ತುಂಬ ಹೊತ್ತು ನುಡಿಯುತ್ತವೆ, ಕಂಡಕ್ಟರ್‌ಗೆ ಕೆಲಸವೇ ಇಲ್ಲ. ಆಮೇಲೆ ಫ್ರಾನ್ಸಿನ ರಚನೆಕಾರರಾದ ರಾವೆಲ್, ಬರ್ಲಿಯೋಜ್, ಮೆಸ್ಸಿಯಾನ್, ಇವು ಒಜಾವಾ ಹತ್ತಿರವೇ ಕೇಳಬೇಕು. ಬೀಥೋವನ್ ಬೇಕೆಂದರೆ ಬೇರೆಯವರ ಹತ್ತಿರ ಹೋಗಿ. ನಾನೂ ಹಾಗೇ ಮಾಡೋದು.