"ಗಾಡಿ ಹತ್ತಸಾಕ ಬಿಡ್ಲಿಲ್ರಿ"

ಮಂಗಳವಾರ ಸಂಜೆಯಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಒಗ್ಗರಣೆ ಹಾಕುವಾಗ, ಬಸ್ಸಿನಲ್ಲಿ ಕೂತಾಗ, ರಾತ್ರಿ ದೀಪ ಆರಿಸಿದ ಮೇಲೆ.

"ಬಿಟ್ಟ್ ಹೋಗಿಲ್ರಿ ಅಕ್ಕಾರ. ಗಾಡಿ ಹತ್ತಸಾಕ ಬಿಡ್ಲಿಲ್ರಿ."

ಅವತ್ತು, ಐದು ತಿಂಗಳ ಹಿಂದೆ ಶೆಲ್ಟರಿನಿಂದ ತಂದ ನಮ್ಮ ನಾಯಿ ರಾಗಿಯನ್ನು ಎಂದಿನಂತೆ ವಾಕಿಂಗ್ ಕರೆದುಕೊಂಡು ಹೊರಟಿದ್ದೆ. ಹಾಲಿನ ಬೂತ್ ದಾಟಿದ ಮೇಲೆ ಹೊಸದಾಗಿ ಒಂದು ಮನೆ ಏಳುತ್ತಿದೆ. ಅಲ್ಲಿ ಒಬ್ಬರು ಪೈಪು ಹಿಡಿದು ಗೋಡೆಗೆ ನೀರು ಹೊಡೆಯುತ್ತಿದ್ದರು. ರಾಗಿ ಗಕ್ಕನೆ ನಿಂತಳು. ಮೂಗು ಮೇಲೆತ್ತಿದಳು. ಮರುಕ್ಷಣ ಬೆಲ್ಟು ನನ್ನ ಕೈಯಲ್ಲಿರಲಿಲ್ಲ. ಕುಂಟುಗಾಲಿನಲ್ಲಿ ಅವಳು ಅಷ್ಟು ಜೋರಾಗಿ ಓಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಆ ಮನುಷ್ಯನ ಕಾಲಿಗೆ ಬಿದ್ದು ಹೊರಳಿದಳು, ಎದ್ದಳು, ಎದೆಗೆ ಹಾರಿದಳು, ಅಲ್ಲೇ ಉಚ್ಚೆ ಹೊಯ್ದುಕೊಂಡಳು. ಗಂಟಲಿನಿಂದ ಎಳೆ ಮಗುವಿನಂಥ ದನಿ ಬರುತ್ತಿತ್ತು. ಆತ ಪೈಪು ಬಿಸಾಕಿ ಕೆಸರಿನಲ್ಲೇ ಕೂತುಬಿಟ್ಟರು. "ಕೆಂಪಿ, ಕೆಂಪಿ, ಯವ್ವಾ ಕೆಂಪಿ." ನೀರು ಸುಮ್ನೆ ರಸ್ತೆಗೆ ಹರಿಯುತ್ತಿತ್ತು.

ನನಗೆ ಅರ್ಥವಾಗಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ನಾನು ಕೇಳಿದ ಮೊದಲ ಮಾತು, "ನಿಮ್ಮ ನಾಯೀನಾ? ಮತ್ತೆ ಯಾಕೆ ಬಿಟ್ಟು ಹೋದ್ರಿ?"

ಕೇಳಿದ ರೀತಿ ಚೆನ್ನಾಗಿರಲಿಲ್ಲ. ಐದು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದ ಸಿಟ್ಟು ಅದು. ಇಷ್ಟು ಸಾಧು ನಾಯಿಯನ್ನು ಬೀದಿಗೆ ಬಿಟ್ಟವರು ಎಂಥ ಜನ ಇರಬಹುದು ಅಂತ ಮನೆಗೆ ಬಂದವರಿಗೆಲ್ಲ ಹೇಳಿದ್ದೇನೆ. ಅವರು ಕೈಗೆ ಸಿಕ್ಕರೆ ಏನೇನು ಕೇಳಬೇಕು ಅಂತಲೂ ಯೋಚಿಸಿಟ್ಟಿದ್ದೆ. ಸಿಕ್ಕಿದರು. ಕೇಳಿದೆ. ಅವರು ಕತ್ತೆತ್ತಿ ನೋಡಿ ಆ ಮಾತು ಹೇಳಿದರು.

ಯಾದಗಿರಿ ಕಡೆಯವರು. ಹೆಂಡತಿ, ಮಗಳ ಜೊತೆ ಬೆಂಗಳೂರಿನಲ್ಲಿ ಸೈಟು ಕಾಯುವ ಕೆಲಸ. ಪಾಯ ತೋಡುವ ಹೊತ್ತಿಗೆ ತಗಡಿನ ಶೆಡ್ ಹಾಕಿಕೊಂಡು ಬರುತ್ತಾರೆ. ಗೃಹಪ್ರವೇಶದ ಹೊತ್ತಿಗೆ ಶೆಡ್ ಬಿಚ್ಚಿಕೊಂಡು ಹೋಗುತ್ತಾರೆ. ಕನಕಪುರ ರಸ್ತೆಯ ಈ ಕಡೆ ಎಲ್ಲಿ ನೋಡಿದರೂ ಅದೇ. ನಮ್ಮಿಂದ ನಾಲ್ಕು ರಸ್ತೆ ಆಚೆ ಮೂರಂತಸ್ತಿನ ಒಂದು ಕಟ್ಟಡ ಎದ್ದಿತಲ್ಲ, ಅಲ್ಲಿ ಎರಡು ವರ್ಷ ಇದ್ದರು. ಎಲ್ಲಿಂದಲೋ ಬಂದ ಮರಿಯನ್ನು ಮಗಳು ಮರಳಿನ ರಾಶಿಯ ಪಕ್ಕ ಸಾಕಿದಳು. ಕೆಲಸ ಮುಗಿಯಿತು. ಸಂಕ್ರಾಂತಿಯ ಮರುದಿನ ಸಾಮಾನು ಸಾಗಿಸಲು ಟೆಂಪೋ ಬಂತು. ಹೊಸ ಸೈಟಿನ ಮಾಲೀಕರು ಮೊದಲೇ ಹೇಳಿದ್ದರಂತೆ, ಮಗು ಇದ್ದರೆ ಪರವಾಗಿಲ್ಲ, ನಾಯಿ ಬೇಡ. ಡ್ರೈವರ್ ಕೂಡ ಹತ್ತಿಸಿಕೊಳ್ಳಲಿಲ್ಲ.

"ಹಿಂದ ಓಡಿ ಬಂತ್ರಿ ಮೇನ್ ರೋಡ್ ತನಕ. ಮಗಳು ಅಳತಿದ್ಲು. ಆಮ್ಯಾಲ ಕಾಣ್ಲಿಲ್ರಿ."

ಆಮೇಲೆ ಎರಡು ಸಲ ಭಾನುವಾರ ಆಗಿನ ಸೈಟಿನಿಂದ ಬಸ್ಸು ಹಿಡಿದು ಹುಡುಕಲು ಬಂದಿದ್ದರಂತೆ. ಸಿಗಲಿಲ್ಲ. ಸಿಗುವುದು ಹೇಗೆ? ಅವಳು ಅಷ್ಟರಲ್ಲಿ ಶೆಲ್ಟರ್‌ನಲ್ಲಿದ್ದಳು. ಹಿಂಗಾಲಿಗೆ ರಾಡ್ ಹಾಕಿದ್ದರು. ಪಕ್ಕದ ರಸ್ತೆಯ ಕಾಲೇಜು ಹುಡುಗಿ ಒಬ್ಬಳು ಮೇನ್ ರೋಡಿನಿಂದ ಅವಳನ್ನು ಆಟೋದಲ್ಲಿ ಎತ್ತಿಕೊಂಡು ಹೋಗಿದ್ದಳು. ಆ ಹುಡುಗಿಗೆ ನಾನು ಎಷ್ಟು ಋಣಿ ಅಂತ ಹೇಳಿ ಮುಗಿಯುವುದಿಲ್ಲ. ನಾಲ್ಕು ಆಟೋದವರು ಆಗಲ್ಲ ಅಂದ ಮೇಲೆ ಐದನೆಯವರು ಒಪ್ಪಿದರಂತೆ.

"ಕಾಲಿಗಿ ಏನಾತ್ರಿ?" ಅಂತ ಕೇಳಿದರು.

"ಬೈಕು ಗುದ್ದಿತ್ತಂತೆ" ಅಂದೆ.

"ಯಾವಾಗ್ರಿ?"

"ಗೊತ್ತಿಲ್ಲ" ಅಂದೆ.

ಗೊತ್ತಿತ್ತು. ಶೆಲ್ಟರ್ ಕೊಟ್ಟ ಕಾಗದದಲ್ಲಿ ತಾರೀಕು ಇದೆ, ಜನವರಿ 16. ಆ ಕಾಗದ ಪ್ರತಿ ಸಲ ಡಾಕ್ಟರ ಹತ್ತಿರ ಹೋಗುವಾಗ ನನ್ನ ಕೈಯಲ್ಲೇ ಇರುತ್ತದೆ. ಅವರು ಸಂಕ್ರಾಂತಿಯ ಮರುದಿನ ಅಂದಾಗಲೇ ನನಗೆ ಲೆಕ್ಕ ಸಿಕ್ಕಿತ್ತು. ಟೆಂಪೋ ಹಿಂದೆ ಓಡುತ್ತಿದ್ದಾಗಲೇ ಆಗಿದ್ದು. ಅದನ್ನು ಅವರಿಗೆ ಹೇಳಿ ನಾನು ಪಡೆಯುವುದೇನು? ಸುಳ್ಳು ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ.

ಬೇಜಾರು ಬೇರೆಯದಕ್ಕೆ. ರಾಗಿಯನ್ನು ಮನೆಗೆ ತರುವಾಗ ನಾನು ನಾಲ್ಕು ಪುಟದ ಫಾರ್ಮ್ ತುಂಬಿದ್ದೆ. ಸ್ವಂತ ಮನೆಯೋ ಬಾಡಿಗೆಯೋ, ಬಾಡಿಗೆಯಾದರೆ ಮಾಲೀಕರ ಒಪ್ಪಿಗೆ ಇದೆಯೋ, ದಿನಕ್ಕೆ ಎಷ್ಟು ಗಂಟೆ ನಾಯಿ ಒಂಟಿಯಾಗಿರುತ್ತದೆ, ಊರು ಬದಲಾದರೆ ಏನು ಮಾಡುತ್ತೀರಿ. ಆಮೇಲೆ ಇಬ್ಬರು ಮನೆಗೇ ಬಂದು ಗೇಟು, ಟೆರೇಸು ನೋಡಿ ಹೋದರು. ಆ ಪ್ರಶ್ನೆಗಳು ತಪ್ಪಲ್ಲ. ತಂದು ವಾರಕ್ಕೇ ವಾಪಸ್ ಬಿಡುವವರನ್ನು ಅವರು ಎಷ್ಟು ನೋಡಿದ್ದಾರೋ. ಆದರೆ ಈ ಮನುಷ್ಯ ಆ ಫಾರ್ಮಿನ ಮೊದಲ ಪುಟವನ್ನೇ ದಾಟುತ್ತಿರಲಿಲ್ಲ. ಅದೇ ಮನುಷ್ಯ, ಪಾಲಿಕೆಯ ಗಾಡಿ ಕೆಂಪಿಯನ್ನು ಮರಿ ಹಾಕದಂತೆ ಮಾಡುವ ಆಪರೇಷನ್‌ಗೆ ಒಯ್ದಾಗ ಎಲ್ಲಿಗೆ, ಯಾವಾಗ ವಾಪಸ್ ಅಂತ ಬರೆಸಿಕೊಂಡು ದಿನಾ ಫೋನ್ ಮಾಡಿದವರು. ಹಿಡಿದ ಜಾಗಕ್ಕೇ ತಂದು ಬಿಡಬೇಕು ಅಂತ 2023ರ ನಿಯಮ ಹೇಳುತ್ತದೆ. ಹಾಗೇ ತಂದು ಬಿಟ್ಟರು. ಅವಳ ಕಿವಿಯ ಅಂಚಿನಲ್ಲಿ ಕತ್ತರಿಸಿದ ಗುರುತಿದೆಯಲ್ಲ, ಅದು ಆಗಿನದು. ಆ ಗುರುತು ನೋಡಿ ನಾನು ಅವಳು ಯಾರಿಗೂ ಸೇರಿದ ನಾಯಿಯಲ್ಲ ಅಂದುಕೊಂಡಿದ್ದೆ.

ಸಿಟ್ಟು ಈಗ ಬೇರೆ ಕಡೆ ತಿರುಗಿದೆ. ಎರಡು ವರ್ಷ ಆ ಕಟ್ಟಡದ ಕಬ್ಬಿಣ, ಸಿಮೆಂಟು ಕಾದ ನಾಯಿ ಅದು. ಸಂಬಳವಿಲ್ಲ, ಅನ್ನವೂ ಮಾಲೀಕರದಲ್ಲ. ರಾತ್ರಿ ಯಾರಾದರೂ ಕಾಂಪೌಂಡ್ ಹತ್ತಿರ ಬಂದರೆ ಅದೇ ಬೊಗಳಬೇಕು. ಮನೆ ಮುಗಿದ ಮೇಲೆ ಅದು ಬೀದಿ ನಾಯಿ. 2025ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟ್ ದೆಹಲಿ ಸುತ್ತಿನ ಬೀದಿ ನಾಯಿಗಳನ್ನೆಲ್ಲ ಹಿಡಿದು ಶೆಲ್ಟರಿಗೆ ಹಾಕಿ ಅಂದಿತು. 22ಕ್ಕೆ ಅದನ್ನು ತಿದ್ದಿ, ಆಪರೇಷನ್, ಲಸಿಕೆ ಆದವನ್ನು ಅದೇ ಜಾಗಕ್ಕೆ ಬಿಡಿ, ರೇಬಿಸ್ ಇರುವ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬೇಡಿ ಅಂದಿತು. ಆಗ ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಜಗಳವೋ ಜಗಳ. ಕಚ್ಚಿಸಿಕೊಂಡ ಮಕ್ಕಳ ಬಗ್ಗೆ ಅತ್ತಿಗೆ ಹೇಳಿದ್ದು ಸುಳ್ಳಲ್ಲ, ಆ ಭಯ ನಿಜ. ಆದರೆ ಈ ನಾಯಿಗಳು ಬೀದಿಗೆ ಬರುವುದು ಎಲ್ಲಿಂದ ಅಂತ ನಾವ್ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮಂಗಳವಾರ ರಾತ್ರಿ ಕೂತು ಯೋಚಿಸಿದಾಗ ಐದು ತಿಂಗಳು ಪೂರ್ತಿ ಬೇರೆಯಾಗಿ ಕಾಣತೊಡಗಿತು.

ಬಂದ ಮೊದಲ ಮೂರು ದಿನ ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ದುಡ್ಡು ಕೊಟ್ಟು ತಂದ ಮೆತ್ತನೆ ಹಾಸಿಗೆ ಬಿಟ್ಟು, ಅಕ್ಕಿ ಖಾಲಿಯಾದ ಗೋಣಿಚೀಲ ಎಳೆದುಕೊಂಡು ಮಲಗಿದಳು. ಅಂಗಡಿಯ ಕಾಳಿನ ಊಟ ಮೂಸಿಯೂ ನೋಡಲಿಲ್ಲ. ಅಮ್ಮ ಮೊಸರನ್ನ ಕಲಸಿ ಕೈಯಲ್ಲಿ ಹಿಡಿದಾಗ ನಾಲ್ಕು ತುತ್ತು ತಿಂದಳು. ವಾಕಿಂಗ್ ಹೋದಾಗಲೆಲ್ಲ ಆ ಮೂರಂತಸ್ತಿನ ಮನೆಯ ಗೇಟಿಗೆ ಎಳೆದುಕೊಂಡು ಹೋಗಿ ಎದುರಿಗೆ ಕೂರುತ್ತಿದ್ದಳು. ಏನೋ ವಾಸನೆ ಇರಬೇಕು ಅಂತ ನಾನು ಬೆಲ್ಟು ಜಗ್ಗುತ್ತಿದ್ದೆ.

ಮೇ ತಿಂಗಳಲ್ಲಿ ಉಣ್ಣೆ ಜ್ವರ ಬಂತು. ವಸಡು ಬೆಳ್ಳಗಾಗಿತ್ತು, ಪ್ಲೇಟ್‌ಲೆಟ್ ನಲವತ್ತು ಸಾವಿರಕ್ಕೆ ಇಳಿದಿತ್ತು. ನಾಯಿಗೆ ಎರಡು ಲಕ್ಷವಾದರೂ ಇರಬೇಕು. ಇಪ್ಪತ್ತೆಂಟು ದಿನ ಡಾಕ್ಸಿಸೈಕ್ಲಿನ್ ಮಾತ್ರೆ. ಉಣ್ಣೆ ನಾಯಿಯ ಮೈಮೇಲೆ ಇರುವುದಕ್ಕಿಂತ ಗೋಡೆಯ ಬಿರುಕಿನಲ್ಲೇ ಜಾಸ್ತಿ ಇರುತ್ತದೆ, ಮೊಟ್ಟೆ ಇಡುವುದೂ ಅಲ್ಲೇ ಅಂತ ಡಾಕ್ಟರ್ ಹೇಳಿದಾಗ ಮನೆಯ ಒಂದೊಂದು ಬಿರುಕೂ ಹುಡುಕಿ ಸಿಮೆಂಟ್ ಮೆತ್ತಿದೆ. ಈರುಳ್ಳಿ ನಾಯಿಯ ರಕ್ತಕ್ಕೆ ಕೆಡುಕು ಅಂತ ಅವಳ ಅನ್ನದ ಪಾತ್ರೆಯನ್ನೇ ಬೇರೆ ಮಾಡಿದೆ. ಅವಳಿಗೆ ಬೇಕಾದ್ದೆಲ್ಲ ಗೊತ್ತಿದೆ ಅಂತ ನಂಬಿದ್ದೆ.

ಒಂದು ಮಾತ್ರ ತಿಳಿದಿರಲಿಲ್ಲ. ಸಂಜೆ ಆರಕ್ಕೆ ಪಕ್ಕದ ಮನೆಯ ನೀರಿನ ಮೋಟರ್ ಆನ್ ಆದರೆ ರಾಗಿ ಎಲ್ಲಿದ್ದರೂ ಎದ್ದು ಬಾಗಿಲ ಹತ್ತಿರ ಬಂದು ಬಾಲ ಆಡಿಸುತ್ತಾ ನಿಲ್ಲುತ್ತಾಳೆ. ಮೋಟರ್ ನಿಂತರೆ ಇನ್ನೂ ಸ್ವಲ್ಪ ಹೊತ್ತು ಕಾದು ವಾಪಸ್ ಬಂದು ಮಲಗುತ್ತಾಳೆ. ಕಿವಿಯ ತೊಂದರೆಯೇನೋ ಅಂತ ಡಾಕ್ಟರನ್ನೂ ಕೇಳಿದ್ದೆ.

ಮಂಗಳವಾರ ಆ ಯಾದಗಿರಿಯವರನ್ನು ಕೇಳಿದೆ. ನಕ್ಕರು. "ಮೋಟರ್ ಹಚ್ಚಿದ್ರ ಗ್ವಾಡಿಗಿ ನೀರ್ ಹೊಡಿಯಾಕ ಹೊಂಟೆ ಅಂತ ಗೊತ್ರಿ ಅದಕ್ಕ. ಒಂದೊಂದು ಮಜಲಿಗೂ ನನ್ನ ಬೆನ್ನಹಿಂದನ ಬರ್ತಿತ್ತು."

ಹೊರಡುವ ಮೊದಲು ಧೈರ್ಯ ಮಾಡಿ ಕೇಳಿದೆ, "ಕರ್ಕೊಂಡು ಹೋಗ್ತೀರಾ?" ಅವರು ರಾಗಿಯ ತಲೆ ಸವರುತ್ತಾ ಬಹಳ ಹೊತ್ತು ಸುಮ್ಮನಿದ್ದರು. "ಬ್ಯಾಡ್ರಿ. ನಿಮ್ಮಲ್ಲೇ ಇರ್ಲಿ. ಈ ಮನಿನೂ ಒಂದಿನ ಮುಗಿತದ." ನನಗೆ ಎದೆ ಹಗುರಾಯಿತು. ಹಾಗೆ ಹಗುರಾದದ್ದು ಈಗ ಚುಚ್ಚುತ್ತಿದೆ. ಬಿಟ್ಟುಕೊಡುವುದನ್ನು ಅವರು ಎರಡನೇ ಸಲ ಮಾಡಿದರು, ಈ ಸಲ ಯಾರೂ ತಡೆಯದೆಯೇ. ನನ್ನ ಐದು ತಿಂಗಳು, ಅವರ ಎರಡು ವರ್ಷ. ಅವಳನ್ನು ಕಂಡು ನಾನು ರಾಗಿ ಅಂದೆ, ಅವರ ಮಗಳು ಕೆಂಪಿ ಅಂದಳು. ಇಬ್ಬರೂ ನೋಡಿದ್ದು ಅದೇ ಬಣ್ಣ.

ಬುಧವಾರ ಅವರ ಹೆಂಡತಿ ಪೇಪರಿನಲ್ಲಿ ಸುತ್ತಿ ಎರಡು ಜೋಳದ ರೊಟ್ಟಿ ತಂದುಕೊಟ್ಟರು. ರಾಗಿ ಚೂರು ಮಾಡಲೂ ಬಿಡಲಿಲ್ಲ. ಬಾಯಲ್ಲಿ ಕಚ್ಚಿಕೊಂಡು ಗೋಣಿಚೀಲದ ಮೇಲೆ ಹೋಗಿ, ಎರಡು ಕಾಲಿನ ನಡುವೆ ಇಟ್ಟುಕೊಂಡು, ನಿಧಾನವಾಗಿ ತಿಂದಳು. ಭಾನುವಾರ ಮಗಳನ್ನು ಕರೆದುಕೊಂಡು ಬರುತ್ತಾರಂತೆ. ಅವಳಿಗಿನ್ನೂ ಹೇಳಿಲ್ಲವಂತೆ.

ಈ ಮೂರು ದಿನದಿಂದ ಮೋಟರ್ ಸದ್ದು ಕೇಳಿದ ಕೂಡಲೇ ನಾನೂ ಏಳುತ್ತೇನೆ. ಬಾಗಿಲು ತೆಗೆಯುತ್ತೇನೆ. ಬೆಲ್ಟು ಹಾಕುವುದಿಲ್ಲ. ಬಕೆಟ್ಟಿಗೆ ನೀರು ತುಂಬಿಕೊಂಡು ಟೆರೇಸಿನ ಕುಂಡಗಳಿಗೆ ಹಾಕಲು ಹೊರಡುತ್ತೇನೆ. ಕುಂಟುತ್ತಾ, ಮೆಟ್ಟಿಲು ಹತ್ತಿ, ಅವಳು ನನ್ನ ಬೆನ್ನ ಹಿಂದೆಯೇ ಬರುತ್ತಾಳೆ.